ಮುದಿ ಗಾಡಿ, ಎಳೆ ಚಾಲಕ

ಬ್ರಿಟನ್ನಿನಲ್ಲಿ 17 ತುಂಬಿದ ಹುಡುಗನಿಗೆ ಕಾರು ಸಿಗುವುದು ಸುಲಭ. ಅದಕ್ಕೆ ವಿಮೆ ಹೊಂದಿಸುವುದು ಮಾತ್ರ ವೈಶಾಖದಲ್ಲಿ ಮದುವೆ ಛತ್ರ ಹುಡುಕಿದಷ್ಟು ಕಷ್ಟ. ಎಷ್ಟೋ ಸಲ ಹಳೇ ಕಾರಿನ ಬೆಲೆಗಿಂತ ವರ್ಷದ ಪ್ರೀಮಿಯಮ್ಮೇ ಹೆಚ್ಚು. ವಿಮೆಯ ಲೆಕ್ಕಕ್ಕೆಂದು ಕಾರುಗಳನ್ನು 1ರಿಂದ 50ರವರೆಗೆ ಗುಂಪು ಮಾಡಿಟ್ಟಿದ್ದಾರೆ; ಸಂಖ್ಯೆ ಏರಿದಂತೆಲ್ಲ ಅಪ್ಪನ ರಕ್ತದೊತ್ತಡವೂ ಏರುತ್ತದೆ.

ಆಗ ಪಡ್ಡೆಗಳಿಗೆ ಹೊಳೆಯುವ ಉಪಾಯವೇ ಮುದಿ ಲ್ಯಾಂಡ್ ರೋವರ್. 1971ರಲ್ಲಿ ಬಂದ ಸೀರೀಸ್ 3 ಆದರೆ ಇನ್ನೂ ಚೆಂದ. 2.25 ಲೀಟರ್ ಎಂಜಿನ್ ಇದ್ದರೂ ವೇಗವೆಂಬುದು ಅದರ ಜಾತಕದಲ್ಲೇ ಇಲ್ಲ; ಹೆದ್ದಾರಿಯಲ್ಲಿ ಲಾರಿಗಳೂ ಹಿಂದಿಕ್ಕಿ ಹೋಗುತ್ತವೆ. ಹಾಗಾಗಿ ವಿಮೆ ಅಗ್ಗವಾದೀತೆಂಬ ಆಸೆ. ಪಕ್ಕದಲ್ಲಿ ಕೂತವರ ಮಾತು ಎಂಜಿನ್ ಗದ್ದಲದಲ್ಲಿ ಕೇಳಿಸದು. (ಕೂತವರು ಯಾರೆಂಬುದರ ಮೇಲೆ ಇದು ದೋಷವೋ ಗುಣವೋ ನಿರ್ಧಾರವಾಗುತ್ತದೆ.) 40 ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆಯ ವಿನಾಯಿತಿಯೂ ಉಂಟು. ಆದರೆ ಹಳೇ ಗಾಡಿಗೆಂದೇ ಅಗ್ಗದ ವಿಮೆ ಮಾಡುವ ಎಷ್ಟೋ ಮಂದಿ, "ಗಾಡಿಗೇನೋ ವಯಸ್ಸಾಗಿದೆ ಮಾರಾಯ, ನಿನಗೆ ಆಗಿಲ್ಲವಲ್ಲ!" ಎಂಬ ಧಾಟಿಯವರು. ದಪ್ಪ ಟೈರು ಹಾಕಿಸಿದರೆ ಅದನ್ನೂ ವಿಮೆಯವರಿಗೆ ತಿಳಿಸಬೇಕು. ಪ್ರೀಮಿಯಂ ಇಳಿಸಲೆಂದು ಅಮ್ಮನೇ ಮುಖ್ಯ ಚಾಲಕಿ ಎಂದು ಬರೆಸಿ ಮಗನೇ ಹೆಚ್ಚಾಗಿ ಓಡಿಸಿದರೆ ಅದು ವಂಚನೆ.

ನಮ್ಮಲ್ಲಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ನೋಡುವುದು ಎಂಜಿನ್ನಿನ ಸಿಸಿಯನ್ನು, ಚಾಲಕನ ಮೀಸೆಯನ್ನಲ್ಲ. ಹಾಗಾಗಿ ಹಳೇ ಜಿಪ್ಸಿಗೆ ಆಸೆಪಡುವ ಚಿಕ್ಕಮಗಳೂರಿನ ಹುಡುಗ ಅಪ್ಪನ ಮುಂದೆ ವಿಮೆ ಬಿಟ್ಟು ಬೇರೆ ನೆಪ ಹುಡುಕಬೇಕು.