ತಾರೀಖು ಬರೆಯಿರಿ, ಚಪ್ಪಾಳೆ ಕತ್ತರಿಸಬೇಡಿ

ನೇರ ಕಛೇರಿಗಳ ಧ್ವನಿಮುದ್ರಣಗಳನ್ನು ಮನೆಯಲ್ಲಿ ಜೋಪಾನ ಮಾಡಿಟ್ಟುಕೊಂಡಿರುವ ಎಲ್ಲರಿಗೂ,

ನಿಮ್ಮ ಅಟ್ಟದ ಮೇಲೆ, ಬೀರುವಿನ ಕೆಳಖಾನೆಯಲ್ಲಿ ಬಿದ್ದಿರುವ ಕ್ಯಾಸೆಟ್ಟುಗಳ ಬಗ್ಗೆಯೇ ಈ ಪತ್ರ. ಸುಗಮ ಸಂಗೀತದವರು ಊರಿಗೆ ಬಂದಾಗ ಹಾಡಿದ್ದು, ಗಣಪತಿ ಪೆಂಡಾಲಿನ ಭಜನೆ, ಜಾತ್ರೆಯ ನಾಟಕದ ರಾತ್ರಿ ಮೈಕ್ ಸೆಟ್ಟಿನವರು ಹಿಡಿದಿಟ್ಟ ರಂಗಗೀತೆ. ಅವನ್ನೆಲ್ಲ ಈಗ ಮೊಬೈಲಿಗೆ ಇಳಿಸಿ ಹಂಚುತ್ತಿದ್ದೀರಿ. ದೊಡ್ಡ ಉಪಕಾರ. ಆದರೆ ಇಳಿಸುವಾಗ ಶ್ರುತಿ ಕೂಡಿಸುವುದು, ನಡುವಿನ ಮಾತು, ಚಪ್ಪಾಳೆ ಎಲ್ಲವನ್ನೂ ಕತ್ತರಿಸಿ ಬರೀ ಹಾಡು ಉಳಿಸುತ್ತಿದ್ದೀರಿ. ಹಾಡಿದವರ ಹೆಸರು ಬಿಟ್ಟರೆ ಊರಿಲ್ಲ, ತಾರೀಖಿಲ್ಲ, ತಬಲಾ ಯಾರು ನುಡಿಸಿದರೆಂಬುದಿಲ್ಲ. ಇದನ್ನು ಕಂಡು ನನಗೆ ಸಂಕಟವಾಗುತ್ತದೆ.

‘ಎಲ್ಲಿ ಹಾಡಿದರೂ ಅದೇ ಹಾಡಲ್ಲವಾ, ಒಂದಿದ್ದರೆ ಸಾಲದಾ?’ ಎಂದು ನೀವು ಕೇಳಬಹುದು. ಸಾಲದು.

ಶಿಶುನಾಳ ಷರೀಫರನ್ನೇ ತೆಗೆದುಕೊಳ್ಳಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ದನಿ ಯಾವ ಯಂತ್ರದಲ್ಲೂ ಉಳಿದಿಲ್ಲ. ಪದಗಳು ಭಜನೆಯವರ ಬಾಯಿಂದ ಬಾಯಿಗೆ ದಾಟಿ ಬಂದವು. ಆಮೇಲೆ ಸಿ. ಅಶ್ವತ್ಥ್ ಅವಕ್ಕೆ ಹೊಸ ಧಾಟಿ ಕೊಟ್ಟರು. 1990ರಲ್ಲಿ ಷರೀಫರ ಬಗ್ಗೆ ಟಿ.ಎಸ್. ನಾಗಾಭರಣರ ಸಿನಿಮಾ ಬಂತು, ಕ್ಯಾಸೆಟ್ಟು ಮನೆಮನೆ ಸೇರಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಕಛೇರಿ ನಡೆಯಿತು. ಸ್ಟುಡಿಯೋದ ಅಶ್ವತ್ಥರನ್ನೂ ಮೈದಾನದ ಅಶ್ವತ್ಥರನ್ನೂ ಒಂದಾದ ಮೇಲೊಂದು ಹಾಕಿ ಕೇಳಿ. ಸ್ಟುಡಿಯೋದಲ್ಲಿ ಪ್ರತಿ ಸಾಲಿಗೂ ಅಳತೆಯಿದೆ. ಮೈದಾನದಲ್ಲಿ ಪಲ್ಲವಿಗೆ ಮರಳುವಾಗ ದನಿ ಎದೆಯಿಂದ ನೇರ ನುಗ್ಗಿ ಬರುತ್ತದೆ, ಜನ ಕೈ ತಟ್ಟಿದಷ್ಟೂ ಕಾವು ಏರುತ್ತದೆ. ಕತ್ತರಿ ಹಾಕಿ ಆ ಜನರನ್ನು ತೆಗೆದುಬಿಟ್ಟರೆ ಆತ ಅಷ್ಟು ಎತ್ತರಕ್ಕೆ ಯಾಕೆ ಹೋದರೆಂಬುದೇ ತಿಳಿಯುವುದಿಲ್ಲ. 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ಅವರು ಹೋದರು. ಇನ್ನು ಹೊಸ ಕಛೇರಿಯಿಲ್ಲ. ಇರುವುದು ನಿಮ್ಮ ಹತ್ತಿರ ಇರುವಷ್ಟೇ.

ಅದೇ ಷರೀಫರ ಗುಡುಗುಡಿ ಪದವನ್ನು ರಘು ದೀಕ್ಷಿತ್ ತಮ್ಮ ಬ್ಯಾಂಡಿನ 2008ರ ಆಲ್ಬಮ್ಮಿನಲ್ಲಿ ಗಿಟಾರು, ಡ್ರಮ್ಸ್ ಜೊತೆ ಹಾಡಿದರು. 2011ರಲ್ಲಿ ಆ ಬ್ಯಾಂಡು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋಯಿತು. ಭಜನೆಯವರ ಧಾಟಿ, ಅಶ್ವತ್ಥರ ಧಾಟಿ, ಬ್ಯಾಂಡಿನ ಧಾಟಿ ಮೂರನ್ನೂ ಪಕ್ಕಪಕ್ಕ ಇಟ್ಟು ಕೇಳುವ ಭಾಗ್ಯ ನಮ್ಮ ಕಾಲಕ್ಕೆ ಸಿಕ್ಕಿದೆ. ಅದರಲ್ಲಿ ಮೊದಲನೆಯದು, ನಿಮ್ಮ ಹಳ್ಳಿಯ ಭಜನೆಯದು, ಕ್ಯಾಸೆಟ್ ಕಂಪನಿಗಳಲ್ಲಿ ಸಿಗುವಂಥದ್ದಲ್ಲ. ಅದು ನಿಮ್ಮ ಅಟ್ಟದಲ್ಲಿದೆ.

ಒಂದೊಂದು ರಾತ್ರಿಯ ಧ್ವನಿಮುದ್ರಣದ ಬೆಲೆಯನ್ನು ರಾಕ್ ಸಂಗೀತದವರು ಬಲ್ಲರು. ಡೀಪ್ ಪರ್ಪಲ್ ತಂಡ 1972ರ ಆಗಸ್ಟ್ 15, 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದಲ್ಲಿ ನುಡಿಸಿತು. ‘ಮೇಡ್ ಇನ್ ಜಪಾನ್’ ಆಲ್ಬಮ್ಮಿನ ಏಳು ಹಾಡುಗಳಲ್ಲಿ ನಾಲ್ಕು 16ರವು, ಎರಡು 17ರವು, ಒಂದು 15ರದ್ದು. ಕೇಳುಗರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಮೂರು ರಾತ್ರಿಗಳ ಉಳಿದ ಟೇಪುಗಳೂ ಮುಂದೆ ಹೊರಬಂದವು. ಅದೇ ಐವರು, ಅದೇ ಹಾಡು, ಆದರೂ ಒಂದು ರಾತ್ರಿಯ ಗಿಟಾರಿನ ಓಟ ಇನ್ನೊಂದು ರಾತ್ರಿ ಇಲ್ಲ. ಭೀಮಸೇನ ಜೋಶಿಯವರ ಒಂದೇ ರಾಗವನ್ನು ಎರಡು ಊರಿನ ಕಛೇರಿಗಳಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡವಂತೂ ಕೇಳುಗರು ತಾವೇ ಧ್ವನಿಮುದ್ರಣ ಮಾಡಿಕೊಳ್ಳಲೆಂದು 1984ರಿಂದ ಸಭಾಂಗಣದಲ್ಲಿ ಬೇರೆ ಜಾಗವನ್ನೇ ಬಿಟ್ಟುಕೊಟ್ಟಿತು. ಅವರ 1977ರ ಮೇ 8ರ ಕಾರ್ನೆಲ್ ವಿಶ್ವವಿದ್ಯಾಲಯದ ಕಛೇರಿಯನ್ನು ಹಿಡಿದಿಟ್ಟವರು ತಂಡದ ಧ್ವನಿ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್. ಆ ಟೇಪುಗಳು ಗೋದಾಮಿನಲ್ಲಿದ್ದವು, ಬಾಡಿಗೆ ಕಟ್ಟಲಾಗದೆ ಹರಾಜಾಗಿ ಕೈಬದಲಾದವು. ಆದರೂ ಉಳಿದುಕೊಂಡವು. ಮುಂದೆ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಆ ಕಛೇರಿಯನ್ನು ಕಾಪಾಡಬೇಕಾದ ಧ್ವನಿಗಳ ಪಟ್ಟಿಗೆ ಸೇರಿಸಿತು. ಇಂದಿಗೂ ಅವರ ಅಭಿಮಾನಿಗಳು ಕಛೇರಿಯನ್ನು ಗುರುತಿಸುವುದು ತಾರೀಖಿನಿಂದಲೇ.

ಈಗ ಕೆಲಸದ ಮಾತು. ಸೆಲ್ಲು ಇಳಿದ ಟೇಪ್ ರೆಕಾರ್ಡರಿನಲ್ಲಿ ಹಿಡಿದ ಹಾಡು ಸರಿಯಾದ ವೇಗದಲ್ಲಿ ಹಾಕಿದಾಗ ಬೇಗ ಓಡುತ್ತದೆ, ಶ್ರುತಿಯೂ ಮೇಲೇರುತ್ತದೆ. ಗಾಯಕರು ಆವತ್ತು ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಹಾಡಿದ್ದರೋ ಎರಡರಲ್ಲೋ ಎಂಬ ಗೊಂದಲ ಹುಟ್ಟುತ್ತದೆ. ನೀವು ಬೇಸರವೆಂದು ಕತ್ತರಿಸುವ ಮೊದಲ ಎರಡು ನಿಮಿಷ, ಹಾರ್ಮೋನಿಯಂ ಮಾಸ್ತರರು ಷಡ್ಜ ಒತ್ತಿ ಹಿಡಿದದ್ದು, ತಬಲಾದವರು ಸುತ್ತಿಗೆಯಿಂದ ಗಟ್ಟ ತಟ್ಟಿ ಸರಿಮಾಡಿಕೊಂಡದ್ದು, ಅಲ್ಲೇ ಅದಕ್ಕೆ ಉತ್ತರವಿದೆ. ಆ ಹಾರ್ಮೋನಿಯಂ ಇನ್ನೂ ಊರಿನಲ್ಲಿದ್ದರೆ ಅದೇ ಮನೆ ಒತ್ತಿ ನೋಡಿ, ಟೇಪಿನ ವೇಗ ಎಷ್ಟು ತಪ್ಪಿದೆ ಎಂದು ತಿಳಿಯುತ್ತದೆ. ಇನ್ನು ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ನಲವತ್ತೈದೇ ನಿಮಿಷ. ಬದಿ ತಿರುಗಿಸುವಾಗ ಹಾಡು ತುಂಡಾಗಿದ್ದರೆ ತುಂಡಾಗಿಯೇ ಇರಲಿ; ಬೇರೆ ಕಡೆಯದನ್ನು ತಂದು ಅಂಟಿಸಬೇಡಿ.

ಹಾಕುವ ಮೊದಲು ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಬೂಷ್ಟು ಹಿಡಿದ ಟೇಪನ್ನು ಹಾಗೇ ಓಡಿಸಬೇಡಿ. ತಾರೀಖು ನೆನಪಿಲ್ಲದಿದ್ದರೆ ಆ ವರ್ಷ ಮಳೆ ಹೇಗಿತ್ತು, ಜಾತ್ರೆಗೆ ಮುಂಚೆಯೋ ಆಮೇಲೋ, ಯಾರ ಮದುವೆಯ ಸುತ್ತಮುತ್ತ ಎಂದಾದರೂ ಬರೆಯಿರಿ. ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.

ದಾವಣಗೆರೆ, ಜಗಳೂರು ಕಡೆಯವರಾದರೆ ನಿಮಗೆ ತ್ರಾಸು ಬೇಡ. ಒಂದು ಮಾತು ತಿಳಿಸಿ, ನಾನೇ ಬಸ್ಸಿನಲ್ಲಿ ಬಂದು ನಿಮ್ಮೆದುರಿಗೇ ಕೂತು ಇಳಿಸಿಕೊಡುತ್ತೇನೆ, ಕ್ಯಾಸೆಟ್ಟು ನಿಮ್ಮ ಹತ್ತಿರವೇ ಇರಲಿ.

ಇಂತಿ,
ಬಿಳಿಚೋಡಿನ ಒಬ್ಬ ಕೇಳುಗ