ಸ್ಟೆಂಟೂ ಸಂಡಿಗೆಯೂ
ಸ್ಟೆಂಟ್ ಹಾಕಿಸಿಕೊಂಡವರ ನಿಜವಾದ ಪರೀಕ್ಷೆ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ; ಮದುವೆ ಮನೆಯ ಪಂಕ್ತಿಯಲ್ಲಿ, ಹೋಳಿಗೆಯ ಮೇಲೆ ತುಪ್ಪ ಸುರಿಯಲು ಬಂದವನೆದುರು ನಡೆಯುತ್ತದೆ. ಹೃದಯ ಪುನಶ್ಚೇತನ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಪಕ್ಕದಲ್ಲೇ ನಿಂತು ನಾಡಿ ನೋಡುವಾಗ ಎಲ್ಲರೂ ಶಿಸ್ತಿನ ಸಿಪಾಯಿಗಳೇ. ಮನೆಗೆ ಬಂದು ತಿಂಗಳೆರಡಾಗಲಿ, ಬಣ್ಣ ಬಯಲು!

ಲಾಲ್‌ಬಾಗಿನ ನಮ್ಮ ನಡಿಗೆ ಬಳಗವನ್ನೇ ನೋಡಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಇರಲಿ ಎನ್ನುತ್ತಾರೆ ವೈದ್ಯರು. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ವೇಗ. ಬಳಗದವರು ಮಾತಿನ ಭಾಗವನ್ನಷ್ಟೇ ಚಾಚೂ ತಪ್ಪದೆ ಪಾಲಿಸುತ್ತಾರೆ. ರಾಜಕೀಯ ಶುರುವಾದರೆ ಕಾಲು ನಿಲ್ಲುತ್ತದೆ, ಬಿ.ಪಿ. ಓಡುತ್ತದೆ.

ಉಪ್ಪಿನ ಕಥೆ ಇನ್ನೂ ಸೊಗಸು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ, ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮವರು ಸಾರನ್ನು ಸಪ್ಪೆ ಮಾಡಿಸಿ, ಪಕ್ಕದಲ್ಲಿ ಮಾವಿನಮಿಡಿ, ಸಂಡಿಗೆ, ಚಟ್ನಿಪುಡಿ ಇಟ್ಟುಕೊಳ್ಳುತ್ತಾರೆ. ಅವೆಲ್ಲ ‘ನಂಚಿಕೊಳ್ಳೋದಕ್ಕೆ’, ಲೆಕ್ಕಕ್ಕಿಲ್ಲ!

“ಆರಾಮಾಗಿದ್ದೀನಲ್ಲ, ಮಾತ್ರೆ ಯಾಕೆ?” ಎನ್ನುವ ಮಹನೀಯರೂ ಇದ್ದಾರೆ. ಸ್ವಾಮೀ, ನೀವು ಆರಾಮಾಗಿರುವುದರಲ್ಲಿ ಆ ಮಾತ್ರೆಯ ಪಾಲೂ ಇದೆ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ಅದು ಕಾಯುತ್ತಿದೆ. ವೈದ್ಯರು ಹೇಳದೆ ಅದಕ್ಕೆ ರಜೆ ಕೊಡಬೇಡಿ.

ಹಾಗಂತ ಸನ್ಯಾಸ ಬೇಕಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲ್ 1943ರಿಂದ ಅಲ್ಲೇ ಇದೆ, ಎಲ್ಲೂ ಓಡಿಹೋಗುವುದಿಲ್ಲ. ಅಪರೂಪಕ್ಕೊಮ್ಮೆ ಹೋಗಿ, ಒಂದು ದೋಸೆ ತರಿಸಿ, ಇಬ್ಬರು ಹಂಚಿಕೊಳ್ಳಿ. ಜೊತೆಗೆ ಬರುವವರು ಬೇಕಿದ್ದರೆ ನಾನಿದ್ದೇನೆ.