ಹುಡುಗ ಸ್ಮಾರ್ಟಾಗವ್ನೆ!

ಗುಬ್ಬಿಯಲ್ಲಿರುವ ನಮ್ಮ ಸೋದರತ್ತೆ ಬೆಳಗ್ಗೆ ಏಳಕ್ಕೇ ತುಮಕೂರಿಗೆ ಬಂದಿಳಿದರೆಂದರೆ ಎರಡೇ ಕಾರಣ: ಒಂದೋ ಹಲ್ಲುನೋವು, ಇಲ್ಲವೇ ಮದುವೆ ಮಾತು. ಈ ಸಲ ಹಲ್ಲು ಗಟ್ಟಿಯಾಗಿತ್ತು, ಮೊಮ್ಮಗಳಿಗೆ ಗಂಡು ಹುಡುಕುತ್ತಿದ್ದರು. ಚೀಲದಿಂದ ಫೋನ್ ತೆಗೆದು, ಕನ್ನಡಕವನ್ನು ಮೂಗಿನ ತುದಿಗೆ ಎಳೆದುಕೊಂಡು, ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ ಹಿಗ್ಗಿಸಿ, ಕೊನೆಗೆ ಹುಡುಗನ ಎಡಗಿವಿ ಮಾತ್ರ ಉಳಿಯುವ ಹಾಗೆ ಮಾಡಿ ನನ್ನ ಮುಖಕ್ಕೆ ಹಿಡಿದರು.

“ನೋಡೋ, ಕುಣಿಗಲ್ ಹುಡ್ಗ. ಎಷ್ಟ್ ಸ್ಮಾರ್ಟಾಗವ್ನೆ!”

“ಏನ್ ಕೆಲಸ ಅತ್ತೆ?”

“ಅದೇ ಹೇಳಿದ್ನಲ್ಲ, ಸ್ಮಾರ್ಟಾಗವ್ನೆ ಅಂತ.”

ಮದುವೆ ಮಾತಿನ ಭಾಷೆ ಗೊತ್ತಿದ್ದವರಿಗೆ ಇಷ್ಟು ಸಾಕು. ಒಳ್ಳೆ ನೌಕರಿ ಇದ್ದರೆ ‘ಬೆಂಗ್ಳೂರಲ್ಲಿ ಸಾಫ್ಟ್‌ವೇರು’ ಅನ್ನುತ್ತಾರೆ. ಜಮೀನಿದ್ದರೆ ‘ತೆಂಗು, ಅಡಿಕೆ ಐತೆ, ಬೋರಲ್ಲಿ ನೀರೈತೆ’. ಇವೆರಡೂ ಹೇಳುವಂತಿಲ್ಲದಿದ್ದಾಗ ಹುಡುಗ ಸ್ಮಾರ್ಟ್ ಆಗುತ್ತಾನೆ. ಹೆಣ್ಣಿನ ಕಡೆಗೆ ಬೇರೆ ನಿಘಂಟು. ‘ಲಕ್ಷಣವಾಗಿದ್ದಾಳೆ’ ಅಂದರೆ ಬಣ್ಣದ ವಿಷಯ ಎತ್ತಬೇಡಿ ಎಂದರ್ಥ. ‘ಹೋಮ್ಲಿ’ ಅಂದರೆ ಅತ್ತೆಗೆ ಎದುರು ಮಾತಾಡುವುದಿಲ್ಲ ಎಂದು. ಅಮೆರಿಕದಲ್ಲಿ ಯಾರಾದರೂ ಹೆಣ್ಣುಮಗಳಿಗೆ ಹೋಮ್ಲಿ ಅಂದು ನೋಡಿ, ಕಪಾಳಕ್ಕೆ ಬೀಳುತ್ತದೆ. ಅಲ್ಲಿ ಅದು ನೋಡಲು ಚೆನ್ನಾಗಿಲ್ಲ ಎನ್ನುವ ಮಾತು.

ಸ್ಮಾರ್ಟ್ ಎಂಬ ಪದವೂ ಹೀಗೇ ದೇಶದಿಂದ ದೇಶಕ್ಕೆ ವೇಷ ಬದಲಿಸಿದೆ. ಅಮೆರಿಕದವರಿಗೆ ಅದು ಬುದ್ಧಿವಂತ. ಇಂಗ್ಲೆಂಡಿನವರಿಗೆ ಇಸ್ತ್ರಿ ಹಾಕಿದ ಅಂಗಿ, ಮಿಂಚುವ ಬೂಟು, ಒಟ್ಟಿನಲ್ಲಿ ಠಾಕುಠೀಕಾಗಿರುವವನು. ನಮಗೆ ಬಟ್ಟೆಯೂ ಬೇಡ, ಬುದ್ಧಿಯೂ ಬೇಡ, ಮೂತಿ ಒಂದಿದ್ದರೆ ಸಾಕು. ತೊಟ್ಟಿಲಲ್ಲಿ ಕಾಲಾಡಿಸುವ ಬತ್ತಲೆ ಕೂಸನ್ನೂ ‘ಎಷ್ಟು ಸ್ಮಾರ್ಟಾಗಿದೆ’ ಅನ್ನುತ್ತೇವೆ. ಆದರೆ ಅದಕ್ಕೊಂದು ‘ಓವರ್’ ಸೇರಿಸಿದೆವೋ, ಅದೇ ಪದ ಬೈಗುಳ!

ಅತ್ತೆಗೆ ಸುಮ್ಮನೆ ಕಾಫಿ ಕೊಟ್ಟು ಕೂರಿಸಬಹುದಿತ್ತು. ನನಗೆ ಬಾಯಿ ಚಪಲ. “ಅತ್ತೆ, ಆ ಪದಕ್ಕೆ ಮೂಲದಲ್ಲಿ ಏನರ್ಥ ಗೊತ್ತಾ? ಉರಿ, ನೋವು. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಗಾಯ ಚುರುಗುಟ್ಟೋದಕ್ಕೆ ಆ ಪದ. ಈಗ್ಲೂ ಹೊಗೆ ತಾಗಿ ಕಣ್ಣುರಿದ್ರೆ ಇಂಗ್ಲಿಷಿನವರು ಕಣ್ಣು ಸ್ಮಾರ್ಟ್ ಆಗ್ತಿದೆ ಅಂತಾರೆ. ಚುರುಗುಟ್ಟೋದು ಚುರುಕಾಯ್ತು, ಚುರುಕು ಜಾಣತನ ಆಯ್ತು, ಆಮೇಲೆ ಅದಕ್ಕೆ ಪ್ಯಾಂಟು ಷರಟು ಹಾಕಿದ್ರು,” ಅಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. “ಸಂಬಂಧ ಕುದುರಲಿ ಅಂತ ಬಂದ್ರೆ ಉರಿ ಅಂತೀಯಲ್ಲೋ ಮುಂಡೇದೆ.”

ನಾನು ಸುಳ್ಳು ಹೇಳಿರಲಿಲ್ಲ. ತುಮಕೂರಿನವನಾಗಿ ಆ ಮೂಲಾರ್ಥವನ್ನು ನಾನು ಕಣ್ಣಾರೆ, ಅಂದರೆ ಕಣ್ಣೊಳಗೇ, ಅನುಭವಿಸಿದ್ದೇನೆ. 2015ರ ಜೂನ್‌ನಲ್ಲಿ ದೇಶದ 100 ಊರುಗಳನ್ನು ಸ್ಮಾರ್ಟ್ ಮಾಡುವ ಯೋಜನೆ ಬಂತು. ಊರೊಂದಕ್ಕೆ ಕೇಂದ್ರದ್ದು 500 ಕೋಟಿ, ರಾಜ್ಯದ್ದೂ ಅಷ್ಟೇ. 2016ರ ಸೆಪ್ಟೆಂಬರ್‌ನಲ್ಲಿ ಪಟ್ಟಿಯಲ್ಲಿ ನಮ್ಮ ಹೆಸರು! ಅರಮನೆ, ದಸರಾ, ಮಲ್ಲಿಗೆ ಎಲ್ಲ ಇಟ್ಟುಕೊಂಡ ಮೈಸೂರು ಆ ನೂರರಲ್ಲಿ ಇಲ್ಲ, ತಟ್ಟೆ ಇಡ್ಲಿಯ ತುಮಕೂರು ಇದೆ. ಅವತ್ತು ನಾನು ಮೈಸೂರಿನ ಭಾವಮೈದುನನಿಗೆ ಫೋನ್ ಮಾಡಿ ಸುಮ್ಮನೆ ಕ್ಷೇಮ ಸಮಾಚಾರ ಕೇಳಿದೆ. ಅವನಿಗೆ ಅರ್ಥವಾಯಿತು.

ಎರಡೇ ವರ್ಷ ಮೊದಲು, 2014ರ ರಾಜ್ಯೋತ್ಸವದಂದು ತುಮ್ಕೂರು ಹೋಗಿ ತುಮಕೂರು ಆಗಿತ್ತು, ಊರಿನ ಹೆಸರನ್ನು ಕನ್ನಡಕ್ಕೆ ತಂದೆವೆಂದು ಬೀಗಿದ್ದೆವು. ಅದರ ಮುಂದೆ ಬಂದು ಕೂತ ವಿಶೇಷಣ ಮಾತ್ರ ಅಪ್ಪಟ ಇಂಗ್ಲಿಷ್. ಆಮೇಲೆ ಅಗೆತ. ಅಗೆದವರು ನೀರಿನವರೋ, ಕೇಬಲ್ಲಿನವರೋ, ಒಳಚರಂಡಿಯವರೋ ನಾನು ವಿಚಾರಿಸಲಿಲ್ಲ, ವಿಚಾರಿಸಲು ಬಾಯಿ ತೆಗೆದರೆ ಧೂಳು ಹೋಗುತ್ತಿತ್ತು. ಎಂ.ಜಿ. ರಸ್ತೆಗೆ ಬಿಳಿ ಅಂಗಿ ಹಾಕಿಕೊಂಡು ಹೋದವನು ಕಾವಿ ಬಣ್ಣಕ್ಕೆ ತಿರುಗಿ ವಾಪಸ್ಸು ಬರುತ್ತಿದ್ದೆ. ಟೌನ್‌ಹಾಲ್ ಸರ್ಕಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿ ಕಣ್ಣುಜ್ಜಿಕೊಂಡಾಗೆಲ್ಲ ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ನನಗೆ ತಾನಾಗಿ ಅರ್ಥವಾಗುತ್ತಿತ್ತು. ಈಗ ನ್ಯಾಯವಾಗಿ ಹೇಳಬೇಕೆಂದರೆ ಅಮಾನಿಕೆರೆ ಏರಿಯ ಮೇಲೆ ಸಂಜೆ ಹೊತ್ತು ನಡೆದರೆ ಹಿತವಾಗಿಯೇ ಇರುತ್ತದೆ. ಉರಿದ ಮೇಲೆ ತಾನೇ ತಂಪು.

ಅತ್ತೆ ಬಂದ ಮರುದಿನ ಕುಣಿಗಲ್ಲಿಗೆ ಹೊರಟೆವು. ಅಲ್ಲಿ ನನ್ನ ಷಡ್ಡಕ ಇದ್ದಾನೆ, ಈ ಸಂಬಂಧ ತಂದವನೂ ಅವನೇ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅತ್ತೆಗೆ ಮಾತು ಬಂತು. “ನಮ್ ಕಾಲ್ದಲ್ಲಿ ಸ್ಮಾರ್ಟು ಗೀರ್ಟು ಇರ್ಲಿಲ್ಲ ಕಣೋ. ಚೆನ್ನಾಗಿರೋ ಗಂಡಸ್ರನ್ನ ರಾಜಪಾರ್ಟ್ ಇದ್ದಂಗವ್ನೆ ಅಂತಿದ್ರು.”

ಗುಬ್ಬಿಯವರಿಗೆ ಸಹಜವಾದ ಮಾತು. 1884ರಲ್ಲಿ ಶುರುವಾದ ನಾಟಕ ಕಂಪನಿಯ ಊರು ಅದು. ಅಲ್ಲಿಯವರಿಗೆ ಚೆಲುವಿನ ಅಳತೆಗೋಲೇ ಬಣ್ಣದ ಪೆಟ್ಟಿಗೆ. ಕಿರೀಟ, ಜರಿ ಅಂಗಿ, ಮೀಸೆ, ಎದೆ ತುಂಬಿದ ದನಿ ಸೇರಿದರೆ ರಾಜಪಾರ್ಟು. ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದ ಕಂಪನಿ ಅದು. ಆದರೆ ನೋಡಿ, ಆ ಕಂಪನಿಯ ಗುಬ್ಬಿ ವೀರಣ್ಣನವರು ಜನರ ಬಾಯಲ್ಲಿ ಉಳಿದದ್ದು ಯಾವ ರಾಜನಾಗಿಯೂ ಅಲ್ಲ, ‘ಸದಾರಮೆ’ಯ ಕಳ್ಳನಾಗಿ. ಇಂಗ್ಲಿಷಿನ ‘ಪ್ರೆಟಿ’ಗೂ ಹಳೆಯ ಅರ್ಥ ಕಿಲಾಡಿ, ಕಪಟಿ ಎಂದೇ. ಆ ಲೆಕ್ಕದಲ್ಲಿ ಆ ಕಳ್ಳನಷ್ಟು ಪ್ರೆಟಿ ಕನ್ನಡ ರಂಗಭೂಮಿಯಲ್ಲಿ ಇನ್ನೊಬ್ಬನಿಲ್ಲ. ಇದನ್ನು ಅತ್ತೆಗೆ ಹೇಳಲಿಲ್ಲ. ಒಮ್ಮೆ ಬೈಸಿಕೊಂಡದ್ದು ಸಾಕಾಗಿತ್ತು.

ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಷಡ್ಡಕ ಕಾದಿದ್ದ. ಕುಣಿಗಲ್ಲಿನವನ ಮಾತಿನಲ್ಲಿ ಕುದುರೆ ಬರದೆ ಇರುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆ ಬೆಳೆಸಿದ ಜಾಗ, ಆಮೇಲೆ ರೇಸಿನ ಕುದುರೆಗಳ ತವರು. “ಕುದುರೆ ಕೊಳ್ಳೋರು ಮೈ ಹೊಳಪು ನೋಡಲ್ಲ ಅತ್ತೆ. ಕಾಲು ನೋಡ್ತಾರೆ, ಹಲ್ಲು ನೋಡ್ತಾರೆ, ಅಪ್ಪ ಅಮ್ಮ ಯಾರು ಅಂತ ಕೇಳ್ತಾರೆ,” ಅಂದ. ನಾನು ತಡೆಯಲಾರದೆ, ‘ಹ್ಯಾಂಡ್ಸಮ್’ ಅಂದರೂ ಮೊದಲು ಕೈಗೆ ಸಲೀಸಾಗಿ ಒಗ್ಗುವಂಥದ್ದು ಎಂದೇ ಅರ್ಥವಿತ್ತು ಅಂದೆ. ಅವನಿಗೆ ಖುಷಿಯಾಯಿತು. “ಹಂಗಾದ್ರೆ ಪಳಗಿದ ಕುದುರೆನೇ ಹ್ಯಾಂಡ್ಸಮ್ಮು. ನಿಮ್ಮ ತಂಗಿ ನನ್ನ ಹ್ಯಾಂಡ್ಸಮ್ ಅಂತಿರ್ತಾಳೆ, ಈಗ ಗೊತ್ತಾಯ್ತು ಬಿಡಿ.” ಅವಳು ನನ್ನ ನಾದಿನಿ, ತಂಗಿಯಲ್ಲ. ಆದರೆ ಆ ಹೊತ್ತಿನಲ್ಲಿ ತಿದ್ದುವುದು ಬೇಡವೆನಿಸಿತು.

ಹುಡುಗನ ಮನೆಯಲ್ಲಿ ಚಾಪೆಯ ಮೇಲೆ ಕೂತೆವು. ಒಳಗಿಂದ ಒಬ್ಬ ತಟ್ಟೆಯಲ್ಲಿ ಮೆಣಸಿನಕಾಯಿ ಬಜ್ಜಿ ತಂದಿಟ್ಟ. ಹಣೆ ಸ್ವಲ್ಪ ದೊಡ್ಡದು, ಮುಖದಲ್ಲಿ ನಾಲ್ಕು ಮೊಡವೆ ಕಲೆ, ಬಣ್ಣ ನಮ್ಮೆಲ್ಲರದೇ. ಅತ್ತೆ ಒಂದು ಬಜ್ಜಿ ಕಚ್ಚಿದರು. ಖಾರ ನೆತ್ತಿಗೇರಿತು. ಅವನು ಓಡಿಹೋಗಿ ಲೋಟದಲ್ಲಿ ಮಜ್ಜಿಗೆ ತಂದು ಅತ್ತೆಯ ಕೈ ಹಿಡಿದು ಕುಡಿಸಿದ, ಇನ್ನೊಂದು ಲೋಟ ಕೇಳುವ ಮೊದಲೇ ತಂದ. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು, “ಒಳ್ಳೇದಾಗ್ಲಿ ಕಣಪ್ಪ. ಹುಡ್ಗ ಎಲ್ಲವ್ನೆ, ಒಸಿ ಕರಿ,” ಅಂದರು.

“ನಾನೇ ಅಜ್ಜಿ.”

ಚಾಪೆಯ ಮೇಲೆ ಯಾರೂ ಉಸಿರೆತ್ತಲಿಲ್ಲ. ಷಡ್ಡಕ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕತೊಡಗಿದ. ಅತ್ತೆ ಚೀಲಕ್ಕೆ ಕೈ ಹಾಕಿ ಫೋನ್ ತೆಗೆದು, ಫೋಟೊ ಒಮ್ಮೆ, ಹುಡುಗನನ್ನೊಮ್ಮೆ ನೋಡಿದರು. ಫೋಟೊದವನಿಗೆ ಹಾಲುಬಣ್ಣ, ಚೂಪು ಗಲ್ಲ, ಮೊಡವೆಯ ಸುಳಿವೇ ಇಲ್ಲ. ಹುಡುಗ ನಾಚಿಕೊಂಡು, “ಅದು ಫೋನೇ ಹಂಗ್ ಮಾಡುತ್ತೆ ಅಜ್ಜಿ, ನಾನೇನೂ ಮಾಡಿಲ್ಲ,” ಅಂದ. ಮೂಡಲಪಾಯ ಯಕ್ಷಗಾನದ ಬಣ್ಣದವರೂ ಇಷ್ಟು ಬೇಗ ವೇಷ ಕಟ್ಟುತ್ತಿರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ನಾನೇ ಕೆಣಕಿದೆ. “ಹೆಂಗೆ ಅತ್ತೆ, ಸ್ಮಾರ್ಟಾಗವ್ನಾ?”

“ನೀನ್ ಹೇಳ್ದಂಗೆ ಕಣ್ಣಂತೂ ಉರೀತು,” ಅಂದರು. ಆಮೇಲೆ ಕಿಟಕಿಯಾಚೆ ನೋಡುತ್ತಾ, ದನಿ ತಗ್ಗಿಸಿ, “ನಾವೂ ಮೊಮ್ಮಗಳ ಫೋಟೊ ಕಳ್ಸಿದೀವಲ್ಲ... ಅದ್ನೂ ಇಂಥದೇ ಫೋನಲ್ಲಿ ತೆಗ್ದಿದ್ದು ಕಣೋ. ಮಾತು ಮುಂದುವರ್ಸಕ್ಕೆ ಹೇಳು.”